ಏಳನೇ ಮಂಚದ ಕೂಸಿನ ಟೊಪ್ಪಿಗೆ

ನಮ್ಮೂರಲ್ಲಿ ಹೆತ್ತವಳು ಹೊಲಿದ ಅಂಗಿ ಅವಳ ಕೂಸಿನ ಮೈಮೇಲೆ ನಿಲ್ಲುವುದಿಲ್ಲ. ಹೆತ್ತವಳೇ ಅಂತಲ್ಲ, ಅಜ್ಜಿ, ಚಿಕ್ಕಮ್ಮ, ಸೋದರತ್ತೆ, ರಕ್ತಸಂಬಂಧದವರು ಯಾರು ಹೊಲಿದರೂ ಅಷ್ಟೇ. ಕೂಸಿಗೆ ತೊಡಿಸಿ, ತೊಟ್ಟಿಲಿಗೆ ಹಾಕಿ, ಒಂದು ಜೋಗುಳ ಮುಗಿಯುವಷ್ಟರಲ್ಲಿ ತೋಳು ಒಂದು ಕಡೆ, ಬೆನ್ನು ಒಂದು ಕಡೆ ಬಿದ್ದಿರುತ್ತದೆ. ಕೈಹೊಲಿಗೆಯಾದರೂ ಸರಿ, ಮಷೀನಿನ ಹೊಲಿಗೆಯಾದರೂ ಸರಿ. ಉಲ್ಲನ್ನಿನ ಟೊಪ್ಪಿಗೆಯಾದರೆ ಬರೀ ನೂಲಾಗಿ ಕೂಸಿನ ಕಿವಿಯ ಪಕ್ಕ ಸುತ್ತಿಕೊಂಡಿರುತ್ತದೆ.

ಅದಕ್ಕೇ ನಮ್ಮಲ್ಲಿ ಬಸುರಿಗೆ ಏಳು ತಿಂಗಳು ತುಂಬಿತೆಂದರೆ ಅತ್ತೆಯಾದವಳು ತಟ್ಟೆಯಲ್ಲಿ ಬಟ್ಟೆ, ಎಲೆ ಅಡಿಕೆ ಇಟ್ಟುಕೊಂಡು ನೆರೆಮನೆಯ ಬಾಗಿಲಿಗೆ ಹೋಗಿ, "ನಮ್ಮ ಕೂಸಿಗೆ ನಿಮ್ಮ ಕೈ ಬೇಕ್ರಿ" ಅನ್ನುತ್ತಾಳೆ. ಯಾರೂ ಇಲ್ಲವೆನ್ನುವುದಿಲ್ಲ. ಗೋಡೆಗಾಗಿ, ಬಚ್ಚಲ ನೀರಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟವರೂ ಮನೆಯಲ್ಲಿ ಬಸುರಿಯಾದರೆ ಪಕ್ಕದವರ ಹೊಸ್ತಿಲು ತುಳಿಯಲೇಬೇಕು. ಬೇರೆ ಊರಿಂದ ಮದುವೆಯಾಗಿ ಬಂದ ಹುಡುಗಿಯರು ಮಾತ್ರ ನಂಬುವುದಿಲ್ಲ. ಬಾಗಿಲು ಹಾಕಿಕೊಂಡು ತಾವೇ ಒಂದು ಕುಲಾವಿ ಹೊಲಿದು ಕೂಸಿಗೆ ಕಟ್ಟಿ ನೋಡುತ್ತಾರೆ. ಹಿರಿಯರು ತಡೆಯುವುದಿಲ್ಲ. "ಒಮ್ಮೆ ಬಿಚ್ಚಲಿ, ಆಮ್ಯಾಲ ತಾನ ತಟ್ಟಿ ಹಿಡಕೊಂಡು ಹೋಗತಾಳ" ಅಂದು ಸುಮ್ಮನಾಗುತ್ತಾರೆ.

ನೆರೆಹೊರೆ ಎಂಬುದೇ ಇಲ್ಲದವರೂ ಇರುತ್ತಾರಲ್ಲ, ಗುಳೆ ಬಂದವರು, ಗಂಡ ಬಿಟ್ಟವರು, ದಾರಿಯಲ್ಲೇ ಹೆರಿಗೆಯಾದವರು, ಅವರಿಗಾಗಿ ನಾವು ಏಳೆಂಟು ಹೆಂಗಸರು ಪ್ರತಿ ಬುಧವಾರ ಮಧ್ಯಾಹ್ನ ಹಳೆಯ ಹತ್ತಿ ಗೋದಾಮಿನ ಕಟ್ಟೆಯ ಮೇಲೆ ಸೇರುತ್ತಿದ್ದೆವು. ಒಂದು ಅಂಗಿ, ಒಂದು ಕುಂಚಿಗೆ, ಒಂದು ಟೊಪ್ಪಿಗೆ, ಒಂದು ಜೊತೆ ಕಾಲುಚೀಲ, ಮೊಳದುದ್ದದ ಒಂದು ಕೌದಿ. ಇಷ್ಟನ್ನು ಸೇರಿಸಿ ಗಂಟು ಕಟ್ಟಿದರೆ ಹೆರಿಗೆ ಆಸ್ಪತ್ರೆಯ ಆಯಾ ಕೆಂಚವ್ವ ಬಂದು ಒಯ್ಯುತ್ತಿದ್ದಳು. ಮಿಕ್ಕಿದ್ದು ಅನಾಥ ಕೂಸುಗಳ ಶಿಶುಮಂದಿರಕ್ಕೆ ಹೋಗುತ್ತಿತ್ತು. ಗುಂಪಿನಲ್ಲಿ ಉಳಿದವರೆಲ್ಲ ಬಟ್ಟೆ ಹೊಲಿಯುವವರು. ಕ್ರೋಶಾ ಕಡ್ಡಿ ಹಿಡಿದು ಟೊಪ್ಪಿಗೆ, ಕಾಲುಚೀಲ ಹೆಣೆಯುವವಳು ನಾನೊಬ್ಬಳೇ. ನನ್ನ ಹೆಸರು ಅಂಬವ್ವ. ಊರಿಗೆಲ್ಲ ಅಂಬಕ್ಕ. ಮದುವೆ ಆಗಲಿಲ್ಲ, ಮಕ್ಕಳಿಲ್ಲ, ರಕ್ತಸಂಬಂಧವೆಂದು ಹೇಳಿಕೊಳ್ಳಲು ಯಾರೂ ಉಳಿದಿಲ್ಲ. ಹಾಗಾಗಿ ನನ್ನ ಹೆಣಿಗೆ ಯಾರ ಕೂಸಿನ ತಲೆಯ ಮೇಲಾದರೂ ನಿಲ್ಲುತ್ತದೆ ಎಂದು ಊರಿನ ನಂಬಿಕೆ. "ಅಂಬಕ್ಕನ ಗಂಟು ಯಮ ಬಂದ್ರೂ ಬಿಚ್ಚೂದಿಲ್ಲ" ಎನ್ನುತ್ತಿದ್ದರು. ನನಗೂ ಆ ಮಾತಿನ ಹೆಮ್ಮೆ ಇತ್ತು. ಬೇರೆ ಹೆಮ್ಮೆ ಯಾವುದಿತ್ತು ನನಗೆ?

ಮಕ್ಕಳಿಲ್ಲ ಅಂದೆ. ಅದು ಊರಿಗೆ ಗೊತ್ತಿರುವ ಮಾತು. ಇಪ್ಪತ್ತರ ವಯಸ್ಸಿನಲ್ಲಿ ನಾನೊಂದು ಹೆಣ್ಣು ಹೆತ್ತೆ. ಅದರ ತಂದೆ ಸೇತುವೆ ಕಟ್ಟಲು ಬಂದಿದ್ದವನು, ಸೇತುವೆ ಮುಗಿದ ವಾರವೇ ಹೋದ. ಹೊಟ್ಟೆ ಕಾಣುವ ಮೊದಲೇ ಅವ್ವ ನನ್ನನ್ನು ಶಿಶುಮಂದಿರದ ಹಿಂದಿನ ಕೋಣೆಯಲ್ಲಿ ಇರಿಸಿ, ಊರಿಗೆ "ದೊಡ್ಡಮ್ಮನ ಮನಿಗೆ ಹೋಗ್ಯಾಳ" ಎಂದಳು. ಮೂರು ದಿನ ಕೂಸು ನನ್ನ ಮಗ್ಗುಲಲ್ಲಿತ್ತು. ಎರಡನೆಯ ದಿನ ನಾನು ನನ್ನ ಸೀರೆಯ ಸೆರಗು ಹರಿದು ಒಂದು ಅಂಗಿ ಹೊಲಿದು ತೊಡಿಸಿದೆ. ನಿಲ್ಲುವುದಿಲ್ಲ ಅಂತ ಗೊತ್ತಿತ್ತು. ಆದರೂ ಹೊಲಿದೆ. ಬಿಚ್ಚಿ ಬಿದ್ದಾಗ ಮತ್ತೆ ಹೊಲಿದೆ. ಅವ್ವ ನೋಡಿ ಬಟ್ಟೆ ಕಸಿದುಕೊಂಡಳು. ಮೂರನೆಯ ದಿನ ಯಾರೋ ರೈಲಿನಲ್ಲಿ ಬಂದು, ರೈಲಿನಲ್ಲೇ ಕರೆದುಕೊಂಡು ಹೋದರು. ಯಾರು, ಯಾವ ಊರು, ನನಗೆ ಹೇಳಲಿಲ್ಲ. ಅವ್ವ ಸಾಯುವಾಗಲೂ ಹೇಳಲಿಲ್ಲ. ಅವಳಿಗೂ ಗೊತ್ತಿರಲಿಲ್ಲವೇನೋ. ನಾನು ಕ್ರೋಶಾ ಕಡ್ಡಿ ಹಿಡಿದದ್ದು ಅದರ ಮರುವರ್ಷ. ಎಷ್ಟು ಟೊಪ್ಪಿಗೆ ಹೆಣೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪ್ರತಿಯೊಂದನ್ನೂ ಹೆಣೆಯುವಾಗ ಎಡ ಮುಷ್ಟಿಯ ಮೇಲೆ ಇಟ್ಟು ಅಳತೆ ನೋಡುತ್ತೇನೆ. ಆ ಮೂರು ದಿನದಲ್ಲಿ ಅದರ ತಲೆ ನನ್ನ ಮುಷ್ಟಿಗಿಂತ ಸ್ವಲ್ಪವೇ ದೊಡ್ಡದಿತ್ತು.

ಈಗ ನಾನು ಹೇಳುತ್ತಿರುವುದು ಕಳೆದ ಮಾಗಿಯ ಮಾತು. ಒಂದು ಬುಧವಾರ ಕೆಂಚವ್ವ ಕಾಗದದ ಪೊಟ್ಟಣ ಹಿಡಿದುಕೊಂಡು ಕಟ್ಟೆಗೆ ಬಂದಳು.

"ಯಕ್ಕಾ, ನಿನ್ನ ಟೊಪಗಿ ಬಿಚ್ಚಿ ಬಿತ್ತು ನೋಡು" ಎಂದು ಕೆನೆಬಣ್ಣದ ಉಲ್ಲನ್ನನ್ನು ನನ್ನ ಮಡಿಲಿಗೆ ಸುರಿದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಯ ಗಂಟು ಹಾಕುವಾಗ ಯಾರೋ ಮಾತಾಡಿಸಿರಬೇಕು ಅಂದುಕೊಂಡು, ಕೆಂಚವ್ವನನ್ನು ಅಲ್ಲೇ ಕೂರಿಸಿಕೊಂಡು ಇನ್ನೊಂದು ಹೆಣೆದು ಕೊಟ್ಟೆ. ಮರುದಿನ ಅವಳು ಮನೆಗೇ ಬಂದಳು. ಅದೂ ಬಿಚ್ಚಿತ್ತು.

"ಅದ ಕೂಸೇನು?" ಎಂದು ಕೇಳಿದೆ.

"ಹೂಂ ಯಕ್ಕಾ, ಏಳನೇ ಮಂಚದ್ದು. ದಿನ ತುಂಬದ ಕೂಸು. ಮೂಸಂಬಿಯಷ್ಟ ತೆಲಿ ಅದರದು. ತೆಲಿ ಬೆಚ್ಚಗಿರಬೇಕು, ತಂಡಿ ಹೊಕ್ಕರ ಉಳಿಯೂದಿಲ್ಲ ಅಂತ ಡಾಕ್ಟರಮ್ಮ ಹೇಳ್ಯಾರ. ಅಂಗಡ್ಯಾಗಿನ ಟೊಪಗಿ ಗದ್ದದ ತನಕಾ ಬರತಾವ. ಅಷ್ಟು ಸಣ್ಣದು ನಿನ್ನ ಬಿಟ್ಟರ ಯಾರೂ ಹೆಣಿಯೂದಿಲ್ಲ."

"ತಾಯಿ ಎಲ್ಲಿಯಾಕಿ?"

"ದೂರದಾಕಿ. ಬಸ್ಸಿನ್ಯಾಗ ಹೊಂಟಿದ್ದಳಂತ, ಏಳನೇ ತಿಂಗಳದಾಗ ನೋವು ಬಂತು, ಇಲ್ಲೇ ಇಳಿಸ್ಯಾರ. ಎರಡು ಸಲ ಬಸರು ಹೋಗಿ ಇದು ಉಳದದ್ದಂತ. ಮೂವತ್ತಾರು ವಯಸ್ಸು, ಪಾಪ."

ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹರಿದದ್ದು ಕೆಂಚವ್ವ ಕೂಗಿದ ಮೇಲೆ ಗೊತ್ತಾಯಿತು.

ಆ ಮಧ್ಯಾಹ್ನವೇ ಮೂರನೆಯದನ್ನು ಹೆಣೆದೆ. ಎಂದೂ ಹಾಕದಷ್ಟು ಗಂಟು ಹಾಕಿದೆ. ಒಂದೊಂದು ಸುತ್ತಿಗೂ ನೂಲು ತಿರುವಿ ಬಿಗಿದೆ. ಕೆಂಚವ್ವನ ಕೈಗೆ ಕೊಡದೆ ನಾನೇ ಆಸ್ಪತ್ರೆಗೆ ಹೋದೆ. ಸಣ್ಣ ಕೂಸುಗಳ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ, ಗಾಜಿನ ಬಾಗಿಲ ಆಚೆ ನಿಲ್ಲಬೇಕು. ಏಳನೇ ಮಂಚದ ಮೇಲೆ ಒಬ್ಬಾಕೆ ಒರಗಿ ಕೂತಿದ್ದಳು, ಎದೆಯ ಮೇಲೆ ಬಟ್ಟೆಯಡಿ ಕೂಸು. ನಾನು ನನ್ನ ಮುಖವನ್ನು ಅವಳಲ್ಲಿ ಹುಡುಕಿದೆ. ಸಿಗಲಿಲ್ಲ. ಅವಳು ಕೆಂಚವ್ವನ ಕಡೆ ತಿರುಗಿದಾಗ ಗದ್ದ ಕಂಡಿತು. ನಡುವೆ ಸೀಳಿದಂತಿರುವ ಅಗಲವಾದ ಗದ್ದ. ಅದು ನನ್ನ ಅವ್ವನ ಗದ್ದ. ಯಾರನ್ನು ನಾನು ಮೂವತ್ತಾರು ವರ್ಷ ಕ್ಷಮಿಸಲಿಲ್ಲವೋ ಅವಳದೇ ಗದ್ದವನ್ನು ನೋಡುತ್ತ ನಾನು ಗಾಜಿಗೆ ಇನ್ನೂ ಹತ್ತಿರ ಸರಿದೆ.

ಕೆಂಚವ್ವ ಕೂಸಿನ ತಲೆಗೆ ಟೊಪ್ಪಿಗೆ ಹಾಕಿದಳು. ಆಕೆ ಕೂಸಿನ ನೆತ್ತಿಗೆ ಗಲ್ಲ ತಾಗಿಸಿ ಕಣ್ಣು ಮುಚ್ಚಿದಳು. ಬಾಗಿಲ ಗಾಜಿಗೆ ಹಣೆ ಹಚ್ಚಿ ನಾನು ನೋಡುತ್ತಲೇ ಇದ್ದೆ. ಮೊದಲು ಅಂಚು ಸಡಿಲಾಯಿತು. ಆಮೇಲೆ ಸುತ್ತು ಸುತ್ತಾಗಿ, ಯಾರೋ ಮೆಲ್ಲಗೆ ಎಳೆದಂತೆ, ಎಲ್ಲ ನೂಲೂ ಇಳಿದು ಅವಳ ತೋಳ ಮೇಲೆ ಬಂದು ಬಿತ್ತು. ಕೂಸಿನ ತಲೆ ಬರಿದಾಯಿತು.

ನನ್ನ ಪಕ್ಕದ ಮನೆಯವಳು ದಾವಲಬಿ. ಮಷೀನು ಹಾಕಿಕೊಂಡು ಊರಿನ ಕುಪ್ಪಸಗಳನ್ನೆಲ್ಲ ಹೊಲಿಯುವವಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಆದರೆ ಬಾಯಿ ನನ್ನ ಎರಡರಷ್ಟು. ಅವಳ ನಾಲ್ಕು ಮಕ್ಕಳು ನನ್ನ ಹೆಣಿಗೆಯಲ್ಲೇ ಬೆಳೆದವರು. ಸಂಜೆಯಾಗುವ ಮೊದಲು ನಾನು ಅವಳ ಹೊಸ್ತಿಲಲ್ಲಿ ಕೂತು ಎಲ್ಲ ಹೇಳಿದೆ. ಮಷೀನು ತುಳಿಯುತ್ತಿದ್ದವಳು ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ನಿಲ್ಲಿಸಿದಳು.

"ಮೂವತ್ತೊಂದು ವರ್ಷ ಆತು ನಾ ಈ ಮನಿಗೆ ಬಂದು" ಅಂದಳು. "ನನ್ನ ಬಾಣಂತನ ನೀ ಮಾಡೀದಿ. ನನ್ನ ಗಂಡ ಸತ್ತಾಗ ನಲವತ್ತು ದಿನ ನನ್ನ ಮಗ್ಗಲ್ದಾಗ ಮಲಗೀದಿ. ಈ ಮಾತು ಹೇಳಾಕ ನಿನಗ ಇವತ್ತು ಬಾಯಿ ಬಂತಲ್ಲ ಅಂಬಕ್ಕ?"

ಅವಳು ಮೂಗು ಸೇದಿಕೊಂಡು ಎದ್ದು ಬಂದು ನನ್ನ ಎದುರಿಗೆ ಕೂತಳು.

"ಈಗೇನು ಮಾಡ್ಲಿ ಹೇಳು."

"ಕಡ್ಡಿ ಹಿಡಿ" ಎಂದೆ. "ಆ ಕೂಸಿಗೆ ಟೊಪಗಿ ನೀ ಹೆಣೀಬೇಕು."

ದಾವಲಬಿಯ ಬೆರಳುಗಳು ಕತ್ತರಿ ಹಿಡಿದು ದಪ್ಪಗಾದವು. ಕ್ರೋಶಾ ಕಡ್ಡಿ ಅವಳ ಕೈಯಲ್ಲಿ ಪೊರಕೆಕಡ್ಡಿಯಂತೆ ಕಾಣುತ್ತಿತ್ತು. ನಾನು ಕೈ ಹಿಡಿದು ಕಲಿಸುವಂತಿರಲಿಲ್ಲ, ನನ್ನ ಬೆರಳು ನೂಲಿನ ಒಂದು ಕಣ್ಣಿಯನ್ನು ಮುಟ್ಟಿದರೂ ಕೆಲಸ ಕೆಡಬಹುದೆಂಬ ಹೆದರಿಕೆ. ಎರಡೂ ಕೈಯನ್ನು ತೊಡೆಯಡಿ ಇಟ್ಟುಕೊಂಡು ಬಾಯಲ್ಲೇ ಹೇಳಿದೆ. ನೂಲು ಸುತ್ತು, ಒಳಗ ಹಾಕು, ಎಳಿ, ಇಷ್ಟಲ್ಲ, ಸಡ್ಲ ಬಿಡು. ಮೊದಲನೆಯದು ಹಕ್ಕಿಗೂಡಿನಂತಾಯಿತು. ಎರಡನೆಯದು ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. "ಯಾ ಅಲ್ಲಾ, ಇದಕ್ಕಿಂತ ಶಾಮಿಯಾನ ಹೊಲಿಯೂದು ಸಸಾರ" ಎಂದು ಕಡ್ಡಿ ಎಸೆದಳು. ಮತ್ತೆ ತಾನೇ ಹುಡುಕಿ ತಂದಳು. ಮರುದಿನ ಊಟದ ಹೊತ್ತಿಗೆ ನಾಲ್ಕನೆಯದು ಮುಗಿಯಿತು. ಸೊಟ್ಟಗಿತ್ತು. ಕಣ್ಣಿಗಳು ಒಂದಕ್ಕೊಂದು ಸಮವಿರಲಿಲ್ಲ. ನಾನು ಹೆಣೆದದ್ದಾಗಿದ್ದರೆ ಬಿಚ್ಚಿ ಹಾಕುತ್ತಿದ್ದೆ. ಕೆಂಚವ್ವ ಅದನ್ನು ಒಯ್ದು ಕೂಸಿಗೆ ಹಾಕಿದಳು. ಅದು ನಿಂತಿತು.

ಟೊಪ್ಪಿಗೆ ನಿಂತ ಸುದ್ದಿ ಕೇಳಿಯೂ ನನ್ನ ಕಾಲು ಆಸ್ಪತ್ರೆಯ ಕಡೆಗೇ ಎಳೆಯಿತು. ಒಮ್ಮೆ ನೋಡಿ ಬರೋಣ ಅಂತ ಹೋದವಳು ಹಿಂದಿನ ಪಡಸಾಲೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿಯನ್ನು ಕಂಡೆ. ಎಪ್ಪತ್ತರ ಹತ್ತಿರ ವಯಸ್ಸು, ಒಗೆದು ಮೆತ್ತಗಾದ ಇಳಕಲ್ ಸೀರೆ. ತೊಡೆಯ ಮೇಲೆ ಅಂಗೈಯಗಲದ ಬಿಳಿ ಅಂಗಿ ಹರವಿಕೊಂಡು, ಪಿನ್ನಿನ ತುದಿಯಿಂದ ಅದರ ಹೊಲಿಗೆಯನ್ನು ಒಂದೊಂದಾಗಿ ಕೀಳುತ್ತಿದ್ದಳು. ಹೊಲಿಗೆ ನೋಡಿದರೆ ಎಳ್ಳುಕಾಳು ಸಾಲಾಗಿ ಇಟ್ಟಂತಿತ್ತು. ನನಗೆ ತಡೆಯಲಾಗಲಿಲ್ಲ.

"ಇಂಥಾ ಹೊಲಿಗಿ ಯಾಕ ಬಿಚ್ಚತೀರಿ, ತಾಯೀ?" ಅಂದೆ.

ಅವಳು ತಲೆಯೆತ್ತಿದಳು. ಕಣ್ಣು ಕೆಂಪಗಿದ್ದವು. ಯಾರಾದರೂ ಹತ್ತಿರದಲ್ಲಿದ್ದಾರೇನೋ ಎಂದು ಅತ್ತಿತ್ತ ನೋಡಿದಳು. ಗುರುತಿಲ್ಲದವರ ಹತ್ತಿರ ಕೆಲವು ಮಾತು ಸುಲಭವಾಗಿ ಬರುತ್ತವೆ.

"ನಿಮ್ಮೂರಾಗ ಸ್ವಂತದವರು ಹೊಲದದ್ದು ನಿಲ್ಲೂದಿಲ್ಲಂತ ಹೌದೇನ್ರಿ?" ಎಂದು ಕೇಳಿದಳು.

"ಹೌದ್ರಿ."

"ನನಗ ಗೊತ್ತಿರಲಿಲ್ಲ. ಮಗಳಿಗೆ ಹೆರಿಗಿ ಆತು ಅಂತ ಓಡಿ ಬಂದೆ. ನನ್ನ ಹಳೀ ಸೀರಿ ಹರದು ಈ ಅಂಗಿ ಹೊಲದು ಹಾಕಿದೆ. ಎರಡು ದಿನ ಆತು, ಒಂದು ಎಳಿ ಬಿಟ್ಟಿಲ್ಲ. ಇವತ್ತ ಆ ಆಯಾ ಬಂದು ನನ್ನ ಮುಖ ನೋಡಿ, 'ಅಜ್ಜೀ, ನೀವ ಹೊಲದದ್ದೇನಿದು?' ಅಂದಳು." ಆಕೆಯ ದನಿ ಕುಗ್ಗಿತು. "ಮಗಳಿಗೆ ನಾವು ಹೇಳಿಲ್ಲರಿ. ಹೇಳೋಣ ಹೇಳೋಣ ಅಂತ ಮೂವತ್ತಾರು ವರ್ಷ ಹೋದವು. ಅವರೂ ತೀರಿಕೊಂಡ್ರು. ಈಗ ಈ ಸ್ಥಿತಿಯಾಗ ಆಕಿ ಹಿಂಗ, ಯಾರದೋ ಬಾಯಿಲೆ ಕೇಳಿದರ ಎದಿಹಾಲು ನಿಂತು ಹೋಗ್ತದ. ನನ್ನ ಹೊಲಿಗಿ ನಾನ ಬಿಚ್ಚಿ ಹಾಕಿಬಿಡತೀನಿ. ಎಲ್ಲಾರ ಹೊಲಿಗಿ ಹಂಗ ನಂದೂ ಬಿಚ್ಚಿತು ಅಂತಾಗಲಿ."

ಅವಳ ಹೆಸರು ಅನಸೂಯಾಬಾಯಿ ಎಂದು ಆಮೇಲೆ ತಿಳಿಯಿತು. ಮಗಳ ಹೆಸರು ಮಂದಾಕಿನಿ. ಆ ಹೆಸರನ್ನು ನಾನು ಮೊದಲು ಕೇಳಿದ್ದು ಆ ಮೆಟ್ಟಿಲ ಮೇಲೆ.

ಅವಳ ಪಕ್ಕದಲ್ಲಿ ಕೂತೆ. ಒಂದು ಗಳಿಗೆ ನನ್ನೊಳಗೆ ಏನು ಹಾದುಹೋಯಿತೆಂದು ಮುಚ್ಚಿಡುವುದಿಲ್ಲ. ಕೆಂಚವ್ವ ಹೇಳಿಬಿಡಲಿ ಅನ್ನಿಸಿತು. ನಾನೇನೂ ಮಾಡಬೇಕಾಗಿಲ್ಲ, ಸುಮ್ಮನೆ ಎದ್ದು ಮನೆಗೆ ಹೋದರೆ ಸಾಕು. ನಾಳೆಯೋ ನಾಡಿದ್ದೋ ಮಾತು ಮಂಚದ ಹತ್ತಿರ ತಲುಪುತ್ತದೆ. ಆಮೇಲೆ ಆ ಗದ್ದದವಳು, ಹಾಗಾದರೆ ನಾನು ಯಾರ ಮಗಳು ಎಂದು ಕೇಳಿಯೇ ಕೇಳುತ್ತಾಳೆ. ಊರಲ್ಲಿ ಯಾರ ಟೊಪ್ಪಿಗೆ ಬಿಚ್ಚಿತು ಎಂದು ಹುಡುಕಿದರೆ ನನ್ನ ಬಾಗಿಲು ದೂರವಿಲ್ಲ. ಅನಸೂಯಾಬಾಯಿಯ ಪಿನ್ನು ಇನ್ನೊಂದು ಎಳೆ ಕಿತ್ತಿತು. ಅವಳ ಬೆರಳಿನ ತುದಿ ಚುಚ್ಚಿಸಿಕೊಂಡು ಬಿಳಿ ಬಟ್ಟೆಗೆ ಒಂದು ಕೆಂಪು ಚುಕ್ಕೆ ಅಂಟಿತ್ತು.

"ಬಿಚ್ಚಬ್ಯಾಡ್ರಿ" ಎಂದೆ. "ಕೂಸಿಗೆ ಹಾಕ್ರಿ. ಯಾರರೆ ಕೇಳಿದ್ರ ದಾವಲಬಿ ಹೊಲದು ಕೊಟ್ಟಳು ಅನ್ರಿ. ನನ್ನ ಮಗ್ಗಲ ಮನಿಯಾಕಿ. ನಾ ಆಕಿಗೆ ಹೇಳತೀನಿ."

ಅವಳು ಪಿನ್ನನ್ನು ಸೆರಗಿಗೆ ಸಿಕ್ಕಿಸಿ, ಚೀಲದಿಂದ ಸೂಜಿದಾರ ತೆಗೆದು ನನ್ನ ಕಡೆ ಚಾಚಿದಳು. "ಹಂಗಾರ ಈ ಬಿಚ್ಚಿದ ಮಗ್ಗಲು ಒಂದೀಟು ಹೊಲದು ಕೊಡ್ರಿ. ನನ್ನ ಬೆರಳಿಗೆ ಪಿನ್ನು ಚುಚ್ಚೇದ."

ಕೈ ತಾನಾಗಿ ಮುಂದೆ ಹೋಯಿತು. ನೂಲಿನ ತುದಿ ನಾಲಿಗೆಗೆ ತಾಗಿಸಿ ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದೆ. ಅಂಗಿ ತೊಡೆಯ ಮೇಲೆ ಎಳೆದುಕೊಂಡೆ. ಬಟ್ಟೆಗೆ ಕೂಸಿನ ವಾಸನೆಯಿತ್ತು. ಸೂಜಿ ಚುಚ್ಚುವ ಮೊದಲು ನೆನಪಾಯಿತು. ಹಾಗೇ ಹಿಡಿದು ಕೂತೆ. ಆಮೇಲೆ ಅಂಗಿಯನ್ನೂ ಸೂಜಿಯನ್ನೂ ಅವಳಿಗೆ ವಾಪಸು ಕೊಟ್ಟೆ.

"ಬ್ಯಾಡ್ರಿ. ನೀವ ಹೊಲೀರಿ. ನನ್ನ ಕೈ ಈಗ ಮೊದಲಿನಂಗ ಇಲ್ಲ. ಕಣ್ಣೂ ಹೋಗ್ಯಾವ. ಟೊಪಗಿ ಹೆಣದು ಕೊಟ್ಟಿದ್ದೆ, ಮೂರೂ ಬಿಚ್ಚಿ ಬಿದ್ದವು."

ಅನಸೂಯಾಬಾಯಿ ಸೂಜಿಯ ಕಣ್ಣಲ್ಲಿ ನೆಟ್ಟಗೆ ಕೂತ ದಾರವನ್ನು ನೋಡಿದಳು. ನನ್ನ ಕೈಗಳನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು, ಮನೆಯೊಳಗೆ ಯಾರಿದ್ದಾರೆಂದು ಕಿಟಕಿಯಿಂದ ಇಣುಕುವವರಂತೆ, ಎಷ್ಟೋ ಹೊತ್ತು ನೋಡಿದಳು. ನಾನು ಎದ್ದು ಸೀರೆ ಕೊಡವಿಕೊಂಡೆ.

"ನಾಳೆ ಬರ್ರಿ" ಎಂದಳು ಹಿಂದಿನಿಂದ. "ಮಧ್ಯಾಹ್ನ ನಾ ಇಲ್ಲೇ ಕುಂತಿರತೀನಿ."

ಮುಂದಿನ ಬುಧವಾರ ನಾನು ಹೆದರಿದ್ದೇ ಆಯಿತು. ಕೆಂಚವ್ವ ಗಂಟು ಒಯ್ಯಲು ಬಂದವಳು ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಒಂದು ಸೋಜಿಗ ಕೇಳ್ರಿ" ಎಂದು ಶುರು ಮಾಡಿದಳು. "ಏಳನೇ ಮಂಚದ ಕೂಸಿಗೆ ಅದರ ಅಜ್ಜಿ ಹೊಲದ ಅಂಗಿ ನಿಂತದ. ಅಂಬಕ್ಕನ ಟೊಪಗಿ ನಿಲ್ಲವಲ್ದು. ಇದೇನಂತೀನಿ ನಾನು?"

ಕತ್ತರಿ, ಸೂಜಿ ಎಲ್ಲ ನಿಂತವು. ದಾವಲಬಿ ಮಾತ್ರ ತಲೆಯೆತ್ತದೆ ಕುಂಚಿಗೆಗೆ ಲಾಡಿ ಹಚ್ಚುತ್ತಲೇ ಅಂದಳು: "ಆ ಅಂಗಿ ನಾ ಹೊಲದದ್ದ. ಅಜ್ಜಿ ಬಟ್ಟಿ ಕೊಟ್ಟಳು, ನಾ ಹೊಲದೆ. ಇನ್ನೇನದು?"

"ಮತ್ತ ಅಂಬಕ್ಕಂದು?"

"ನನ್ನ ಕೈ ಹೋಗೇದ, ಕೆಂಚವ್ವಾ" ಎಂದೆ.

ಅವಳು ನಕ್ಕುಬಿಟ್ಟಳು. "ನಿನ್ನ ಕೈ ಹೋಗೂದಂದ್ರ ಹೊಳಿ ನೀರು ಹೋದಂಗ ಬಿಡು ಯಕ್ಕಾ."

ಯಾರೂ ನಂಬಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲಿದ್ದವು. ಆ ಕಣ್ಣುಗಳು ಇನ್ನೊಂದು ದಿನ ಹಾಗೇ ನೋಡಿದರೆ ಮಾತು ಎಲ್ಲಿ ಹೋಗಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ವಾರ್ಡಿನಲ್ಲಿ ದಿನ ತುಂಬಿ ಹುಟ್ಟಿದ ಎರಡು ದುಂಡನೆಯ ಕೂಸುಗಳಿದ್ದವು, ಕಾಲುಚೀಲ ಇಲ್ಲದಿದ್ದರೂ ಅವಕ್ಕೇನೂ ಆಗುತ್ತಿರಲಿಲ್ಲ. ಅವಕ್ಕೆಂದು ನಾನು ಅಲ್ಲೇ ಎರಡು ಜೊತೆ ಹೆಣೆದೆ. ಪ್ರತಿ ಸುತ್ತಿನಲ್ಲೂ ಬೇಕೆಂತಲೇ ಒಂದು ಕಣ್ಣಿ ಬಿಟ್ಟೆ. ಕೊನೆಯಲ್ಲಿ ಗಂಟು ಹಾಕದೆ ನೂಲಿನ ತುದಿಯನ್ನು ಬರೀ ಒಳಗೆ ತೂರಿಸಿದೆ. ಮೊದಲ ಬಾರಿ ಸುಳ್ಳು ಹೇಳುವವರ ಬಾಯಿಯಂತೆ ನನ್ನ ಬೆರಳು ತಡವರಿಸಿದವು. ಅವು ತಪ್ಪು ಹೆಣೆಯಲು ಒಪ್ಪುತ್ತಿರಲಿಲ್ಲ. ಒಂದು ಕಡೆ ಮರೆತು ಸರಿಯಾಗಿ ಹಾಕಿಬಿಟ್ಟು, ಮತ್ತೆ ಬಿಚ್ಚಿ ಕೆಡಿಸಿದೆ.

ಮರುದಿನ ನಾಲ್ಕೂ ಕಾಲುಚೀಲ ಕೆಂಚವ್ವನ ಕೈಯಲ್ಲಿ ನೂಲಾಗಿ ವಾಪಸು ಬಂದವು. ಈ ಸಲ ಅವಳು ನಗಲಿಲ್ಲ. "ಹೌದಲ್ಲ ಯಕ್ಕಾ" ಎಂದು ನನ್ನ ಭುಜ ಮುಟ್ಟಿ ಹೋದಳು. ಸಂಜೆ, ನಮ್ಮ ಗುಂಪಿನಲ್ಲಿ ಹಿರಿಯರಾದ ವತ್ಸಲಾ ಟೀಚರು ಮನೆಗೆ ಬಂದರು. ಉಪ್ಪಿಟ್ಟು ತಂದಿದ್ದರು. ಅದು ಇದು ಮಾತಾಡಿ, ಕೊನೆಗೆ, "ಅಂಬಕ್ಕಾ, ಇಷ್ಟು ವರ್ಷ ದುಡದೀರಿ. ಇನ್ನ ಮ್ಯಾಲ ನೀವು ಬರೇ ಬಟ್ಟಿ ಮಡಚಿ ಗಂಟು ಕಟ್ರಿ, ಸಾಕು. ನೀವು ನಮ್ಮ ಕೂಡ ಕುಂತಿರಬೇಕು, ಅಷ್ಟ" ಎಂದರು. ಅವರ ದನಿಯಲ್ಲಿ ಅಷ್ಟು ಪ್ರೀತಿ ಇತ್ತು. ಅದಕ್ಕೇ ಅದು ಅಷ್ಟು ನೋಯಿಸಿತು. ಆಗಲಿ ಎಂದೆ. ಅವರು ಹೋದ ಮೇಲೆ ಕ್ರೋಶಾ ಕಡ್ಡಿಯನ್ನು ತಂದು ದಾವಲಬಿಯ ಮಷೀನಿನ ಖಾನೆಯಲ್ಲಿಟ್ಟೆ. ಆಕೆ ನೋಡಿಯೂ ನೋಡದವಳಂತೆ ಖಾನೆ ಮುಚ್ಚಿದಳು.

ಅನಸೂಯಾಬಾಯಿ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತಿರುತ್ತೇನೆ ಎಂದಿದ್ದಳಲ್ಲ, ಹಾಗೇ ಕೂತಿರುತ್ತಿದ್ದಳು. ನಾನು ಹೋಗುತ್ತಿದ್ದೆ. ಅವಳು ನನ್ನನ್ನು ಏನೂ ಕೇಳಲಿಲ್ಲ. ಒಮ್ಮೆಯೂ ಕೇಳಲಿಲ್ಲ. ಮೊದಲ ದಿನ ಕೂತ ತಕ್ಷಣ, ಮಾತಿಗೆ ಮಾತು ಬಂದಂತೆ, "ನಮ್ಮ ಮಂದಾ ಒಂದು ವರ್ಷದಾಕಿ ಇದ್ದಾಗ" ಎಂದು ಶುರು ಮಾಡಿದಳು. ರೈಲಿನ ಶಿಳ್ಳೆ ಕೇಳಿದರೆ ಎಲ್ಲಿದ್ದರೂ ನಗುತ್ತಿದ್ದಳಂತೆ. ಮರುದಿನ ಎರಡನೆಯ ವರ್ಷ. ಬೆಲ್ಲದ ಡಬ್ಬಿಗೆ ಕೈ ಹಾಕಿ ಇರುವೆ ಕಚ್ಚಿಸಿಕೊಂಡದ್ದು. ಆರನೆಯ ದಿನ ಆರನೆಯ ವರ್ಷದ ಟೈಫಾಯಿಡ್, ಇಪ್ಪತ್ತೊಂದು ದಿನದ ಜ್ವರ. ಅದನ್ನು ಹೇಳುವಾಗ ಆಕೆ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಆ ಜ್ವರ ಇಳಿಯುವವರೆಗೆ ನಾನೂ ಉಸಿರು ಬಿಡಲಿಲ್ಲ. ಹೀಗೆ ದಿನಕ್ಕೊಂದು ವರ್ಷ, ಕೆಲವು ದಿನ ಎರಡು. ಲೆಕ್ಕದಲ್ಲಿ ಹಿಂದೆ, ಹಾಡಿನಲ್ಲಿ ಮುಂದೆ. ಯಾರ ಮಾತೂ ಕೇಳದ ಹಟ. "ಆ ಹಟ ಎಲ್ಲಿಂದ ಬಂತೋ ಅಂತಿದ್ದರು ನಮ್ಮವರು" ಎಂದು ಹೇಳಿ ಅನಸೂಯಾಬಾಯಿ ಬೇರೆ ಕಡೆ ನೋಡಿದಳು. ನನ್ನ ಅವ್ವನಿಂದ ಎಂದು ನಾನು ಹೇಳಲಿಲ್ಲ.

ಕೂಸು ಬೆಳೆಯಿತು. ದಾವಲಬಿಯ ಸೊಟ್ಟ ಟೊಪ್ಪಿಗೆ ಬಿಗಿಯಾಗಿ, ಇನ್ನೊಂದು ಹೆಣೆದಳು, ಆಮೇಲೆ ಇನ್ನೊಂದು. ಮೂರನೆಯದಂತೂ ಸೊಟ್ಟಗಿರಲಿಲ್ಲ. ಮಾಗಿಯ ತಂಡಿ ಕಳೆಯಿತು. ಕೂಸಿಗೆ ಬೇಕಾದಷ್ಟು ತೂಕ ಬಂತು, ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರಮ್ಮ. ಅಳಿಯ ಕಾರು ಮಾಡಿಕೊಂಡು ಬಂದಿದ್ದಾನೆ ಎಂದು ಕೆಂಚವ್ವ ಓಡಿ ಬಂದು ಹೇಳಿದಳು. ಅನಸೂಯಾಬಾಯಿಯ ಕತೆಯಲ್ಲಿ ಮಂದಾಗೆ ಇನ್ನೂ ಇಪ್ಪತ್ತೆಂಟು ವರ್ಷ. ಅವಳ ಮದುವೆಯನ್ನೂ ನಾನು ಕೇಳಿರಲಿಲ್ಲ.

ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಅಳಿಯ ಚೀಲಗಳನ್ನು ಕಾರಿಗೆ ಇಡುತ್ತಿದ್ದ. ಮಂದಾಕಿನಿಯನ್ನು ಗಾಜಿಲ್ಲದೆ ನಾನು ಮೊದಲ ಸಲ ಅಷ್ಟು ಹತ್ತಿರದಿಂದ ನೋಡಿದ್ದು. ಕಣ್ಣ ಕೆಳಗೆ ಕಪ್ಪಿತ್ತು. ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಒಳಗಿನಿಂದ ಯಾರೋ ಕಾಗದಕ್ಕೆ ಸಹಿ ಹಾಕಬೇಕೆಂದು ಕರೆದರು. ಅವಳು ಅಮ್ಮನ ಕಡೆ ತಿರುಗಿ ಕೂಸನ್ನು ಚಾಚಿದಳು.

ಅನಸೂಯಾಬಾಯಿಯ ಎರಡೂ ಕೈ ಖಾಲಿಯಿದ್ದವು. "ಮಂದಾ, ನನ್ನ ಕೈಯಾಗ ಬ್ಯಾಡ" ಎಂದಳು. "ಇವರ ಕೈಯಾಗ ಕೊಡು. ಇವರು ಅಂಬಕ್ಕ. ನಿನ್ನ ಕೂಸಿನ ಚಿಂತಿ ದಿನಾ ಮಾಡಿದವರು."

ಅವಳು ನನ್ನನ್ನು ನೋಡಿ ನಕ್ಕಳು. ಪರಿಚಯವಿಲ್ಲದ ಹಿರಿಯರನ್ನು ನೋಡಿ ನಗುವ ನಗೆ. "ಹಿಡೀರಿ ಅಜ್ಜಿ, ಎರಡು ನಿಮಿಷ" ಎಂದು ಕೂಸನ್ನು ನನ್ನ ತೋಳಿಗೆ ಹಾಕಿ ಒಳಗೆ ಹೋದಳು. ಅದು ಹೆಣ್ಣು ಕೂಸು. ಇಷ್ಟು ದಿನ ನಾನು ಕೇಳಿಯೇ ಇರಲಿಲ್ಲ. ನೋಡಿದರೆ ಕಣ್ಣು ಬಿಟ್ಟು ನನ್ನ ಮೂಗುತಿಯ ಹೊಳಪನ್ನು ದಿಟ್ಟಿಸುತ್ತಿತ್ತು. ಅನಸೂಯಾಬಾಯಿ ಕಾರಿನ ಕಡೆ ನಡೆದು, ನಮಗೆ ಬೆನ್ನು ಮಾಡಿ, ಅಳಿಯನೊಡನೆ ಚೀಲಗಳ ಬಗ್ಗೆ ಏನೋ ಜೋರಾಗಿ ಮಾತಾಡತೊಡಗಿದಳು. ಹಾಗಾಗಿ ಆ ಬಾಗಿಲಲ್ಲಿ ನಾನೂ ಕೂಸೂ ಇಬ್ಬರೇ ಇದ್ದೆವು. ಹೇಳಬೇಕಾದ್ದು ಬಹಳ ಇತ್ತು. ಬಾಯಿಗೆ ಬಂದದ್ದು, "ಉಂಡೀ ಏನವ್ವಾ?" ಅಷ್ಟೇ.

ಮಂದಾಕಿನಿ ಹೊರಗೆ ಬರುವ ಹೊತ್ತಿಗೆ ನನ್ನ ಹೊಟ್ಟೆಯ ಮೇಲೆ ಬೆಚ್ಚಗಾಯಿತು. ಕೂಸು ಉಚ್ಚೆ ಹೊಯ್ದಿತ್ತು.

"ಅಯ್ಯ, ನಿಮ್ಮ ಸೀರಿ ಪೂರಾ ತೊಯ್ತು!" ಎಂದು ಅವಳು ಗಾಬರಿಯಾಗಿ ತನ್ನ ಸೆರಗಿನಿಂದ ಒರೆಸಲು ಬಂದಳು. "ತಪ್ಪು ತಿಳಕೋಬ್ಯಾಡ್ರಿ ಅಜ್ಜಿ, ಒಳಗ ನೀರದ, ತೊಳಕೊಂಡು ಹೋಗ್ರಿ."

"ಇರ್ಲಿ ಬಿಡವ್ವಾ" ಎಂದೆ. "ಕೂಸಿನ ಉಚ್ಚಿ ಏನಾಗ್ತದ? ಹುಷಾರಿಲೆ ಹೋಗ್ರಿ."

ಕಾರು ತಿರುವು ದಾಟಿತು. ಅನಸೂಯಾಬಾಯಿ ಹಿಂದಿನ ಗಾಜಿನಿಂದ ಕೈಯೆತ್ತಿದ್ದು ಕಂಡಿತು, ಮಂದಾಕಿನಿ ಕೂಸಿನ ಮೇಲೆ ಬಾಗಿದ್ದಳು. ಕೆಂಚವ್ವ ಬಕೆಟ್ಟಿನಲ್ಲಿ ನೀರು ತಂದು, "ಬಾ ಯಕ್ಕಾ, ತೊಳದುಬಿಡು, ಕಲಿ ಆಗ್ತದ" ಎಂದು ಕರೆದಳು. ಬೇಡವೆಂದೆ. ಮನೆಗೆ ಹೋಗುವ ದಾರಿಯಲ್ಲಿ ಮಾಘದ ಬಿಸಿಲು ಚುರುಗುಟ್ಟುತ್ತಿತ್ತು. ಒದ್ದೆ ಬೇಗ ಆರದಿರಲೆಂದು ನಾನು ಗೋಡೆಯ ನೆರಳು ಹಿಡಿದು, ಮೆಲ್ಲಗೆ ನಡೆದೆ.